ಆಟದಂಗಳದಲ್ಲಿ ಹಣದ ಪಾಠ: ಸಂತ ಜಾನ್ ಬೋಸ್ಕೊ

ವರ್ಷಂಪ್ರತಿ ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ಕೊಂಡಾಡುತ್ತದೆ. ದಿಕ್ಕಿಲ್ಲದ ಬಾಲಕರಿಗೆ ತಂದೆಯಾದವರು, ಸಲೇಷಿಯನ್ ಸಭೆಯ ಸ್ಥಾಪಕರು, ಯುವಜನರ ಪಾಲಕರು ಎಂದು ನಾವೆಲ್ಲರೂ ಅವರನ್ನು ಬಲ್ಲೆವು. ಡಾನ್ ಬೋಸ್ಕೊ ಎಂಬ ಹೆಸರನ್ನು ಹೊತ್ತ ಶಾಲೆಗಳಲ್ಲಿ ನಮ್ಮ ಮಕ್ಕಳು ಓದುತ್ತಿದ್ದಾರೆ. ಆದರೆ ಹಣವನ್ನು ಹೇಗೆ ಗಳಿಸಬೇಕು, ಹೇಗೆ ಉಳಿಸಬೇಕು, ಯಾವಾಗ ಕೈಬಿಡಬೇಕು ಎಂಬುದನ್ನೂ ಈ ಸಂತರು ಮಕ್ಕಳಿಗೆ ಕಲಿಸಿದರೆಂಬುದನ್ನು, ಅದಕ್ಕೆ ಆಟವನ್ನೇ ಸಾಧನವಾಗಿ ಮಾಡಿಕೊಂಡರೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಹಣದ ಮಾತು ಮಕ್ಕಳ ಕಿವಿಗೆ ಬೀಳಬಾರದೆಂದು ಎಣಿಸುವ ತಂದೆತಾಯಂದಿರು ನಮ್ಮಲ್ಲಿ ಉಂಟು. ಕೇಳಿದಷ್ಟನ್ನೂ ಕೊಟ್ಟು ಸುಮ್ಮನಾಗುವವರೂ ಉಂಟು. ಈ ಇಬ್ಬರೂ ಅವರ ಜೀವನವನ್ನು ಈ ದೃಷ್ಟಿಯಿಂದ ಒಮ್ಮೆ ಅವಲೋಕಿಸುವುದು ಒಳಿತು.

ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಕುಗ್ರಾಮದಲ್ಲಿ 1815ರ ಆಗಸ್ಟ್ 16ರಂದು ಜಾನ್ ಬೋಸ್ಕೊ ಜನಿಸಿದರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, 1817ರಲ್ಲಿ, ತಂದೆ ಫ್ರಾನ್ಸಿಸ್ ನ್ಯುಮೋನಿಯಾದಿಂದ ತೀರಿಕೊಂಡರು. ಅದೇ ಕಾಲಕ್ಕೆ ನಾಡಿನಲ್ಲಿ ಬರಗಾಲ. ವಿಧವೆಯಾದ ತಾಯಿ ಮಾರ್ಗರೀತಾ ತನ್ನ ಇಬ್ಬರು ಮಕ್ಕಳನ್ನೂ, ಗಂಡನ ಮೊದಲ ಹೆಂಡತಿಯ ಮಗನನ್ನೂ, ವೃದ್ಧ ಅತ್ತೆಯನ್ನೂ ಹೊಲದ ದುಡಿಮೆಯಿಂದಲೇ ಸಲಹಿದಳು. ಬಡತನವೆಂದರೇನೆಂದು ಆ ಬಾಲಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಂತೆ, ಜಾತ್ರೆಗಳಿಗೆ ಬರುತ್ತಿದ್ದ ದೊಂಬರಾಟದವರನ್ನೂ ಕಣ್ಕಟ್ಟು ವಿದ್ಯೆಯವರನ್ನೂ ಕಂಡರೆ ಬಾಲಕನಿಗೆ ಎಲ್ಲಿಲ್ಲದ ಕುತೂಹಲ. ಅವರ ಕೈಚಳಕವನ್ನು ಮುಂದೆ ನಿಂತು ನೋಡಬೇಕಾದರೆ ಕಾಸು ತೆರಬೇಕು. ಆ ಕಾಸನ್ನು ಅವನು ತಾಯಿಯ ಬಳಿ ಬೇಡಲಿಲ್ಲ. ಬಲೆಯೊಡ್ಡಿ ಹಕ್ಕಿಗಳನ್ನು ಹಿಡಿದು ಮಾರಿದನು. ಅಣಬೆಗಳನ್ನೂ ಬಣ್ಣ ತೆಗೆಯಲು ಬಳಸುವ ಗಿಡಗಳನ್ನೂ ಆರಿಸಿ ತಂದು ಮಾರಿದನು. ತಿಂಡಿತಿನಿಸಿಗೆಂದು ಸಿಕ್ಕಿದ ಚಿಲ್ಲರೆಯನ್ನು ಕೂಡಿಟ್ಟನು. ಹೀಗೆ ಗಳಿಸಿದ ಹಣವನ್ನು ಕಲಿಕೆಗಾಗಿ ವ್ಯಯಿಸಿದನು. ಕಂಡು ಬಂದ ಆಟಗಳನ್ನು ಮನೆಯಲ್ಲಿ ಬಿದ್ದು ಎದ್ದು ಅಭ್ಯಾಸ ಮಾಡಿ, ಎರಡು ಮರಗಳ ನಡುವೆ ಹಗ್ಗ ಕಟ್ಟಿ ಅದರ ಮೇಲೆ ನಡೆಯುವಷ್ಟು ನಿಪುಣನಾದನು.

ಭಾನುವಾರಗಳಂದು ಬೆಕ್ಕಿಯ ಹುಲ್ಲುಗಾವಲಿನಲ್ಲಿ ಅವನ ಪ್ರದರ್ಶನ ನಡೆಯುತ್ತಿತ್ತು. ನೆರೆಹೊರೆಯ ಮಕ್ಕಳೂ ಹಿರಿಯರೂ ಬಂದು ಸೇರುತ್ತಿದ್ದರು. ಆದರೆ ಪ್ರವೇಶಧನವೆಂದು ಒಂದು ಬಿಡಿಗಾಸನ್ನೂ ಅವನು ಪಡೆಯಲಿಲ್ಲ. ಬಂದವರು ಅವನೊಡನೆ ಜಪಸರ ಹೇಳಬೇಕು, ಬೆಳಗಿನ ಪೂಜೆಯಲ್ಲಿ ಗುರುಗಳು ನೀಡಿದ ಪ್ರಬೋಧನೆಯನ್ನು ಅವನ ಬಾಯಿಂದ ಮತ್ತೊಮ್ಮೆ ಆಲಿಸಬೇಕು. ಅದೇ ಆಟದ ಬೆಲೆ. ಪ್ರಾರ್ಥನೆಗೆ ಒಪ್ಪದವರಿಗೆ ಆಟವೂ ಇಲ್ಲ. ಹಣದಿಂದ ಅಳೆಯಲಾಗದ ವಸ್ತುಗಳಿಗೂ ಬೆಲೆಯುಂಟೆಂಬುದನ್ನು ಆ ಬಾಲಕ ತನ್ನ ಓರಗೆಯವರಿಗೆ ಅಂದೇ ಕಲಿಸಿದ್ದನು.

ಹಣದ ನಿಜವಾದ ಪರೀಕ್ಷೆ ಬಂದದ್ದು ಅವನ ಹದಿನೈದನೆಯ ವಯಸ್ಸಿನಲ್ಲಿ. ಕಲೋಸ್ಸೊ ಎಂಬ ವೃದ್ಧ ಗುರುಗಳು ಅವನ ಬುದ್ಧಿಯನ್ನು ಮೆಚ್ಚಿ ಲ್ಯಾಟಿನ್ ಕಲಿಸುತ್ತಿದ್ದರು. ಗುರುಪಟ್ಟದವರೆಗೂ ಓದಿಸುವ ಭರವಸೆಯನ್ನೂ ಕೊಟ್ಟಿದ್ದರು. 1830ರ ನವೆಂಬರಿನಲ್ಲಿ ಅವರು ಹಠಾತ್ತನೆ ಕಾಯಿಲೆ ಬಿದ್ದರು. ಮಾತು ನಿಂತುಹೋಗಿದ್ದ ಅವರು ಹಣದ ಪೆಟ್ಟಿಗೆಯ ಬೀಗದ ಕೈಯನ್ನು ಜಾನ್‌ನ ಕೈಯಲ್ಲಿಟ್ಟು, ಅದರಲ್ಲಿರುವುದೆಲ್ಲವೂ ಅವನಿಗೇ ಎಂದು ಸನ್ನೆಯಿಂದ ತಿಳಿಸಿ ಪ್ರಾಣಬಿಟ್ಟರು. ಆ ಪೆಟ್ಟಿಗೆಯಲ್ಲಿ 6,000 ಲೀರಾ ಇತ್ತೆಂದು ಚರಿತ್ರೆಕಾರರು ಬರೆಯುತ್ತಾರೆ. ಅವನ ವಿದ್ಯಾಭ್ಯಾಸದ ಚಿಂತೆಯೆಲ್ಲ ಒಂದೇ ದಿನದಲ್ಲಿ ಪರಿಹಾರವಾಗುವಷ್ಟು ಹಣ. ಆದರೆ ಗುರುಗಳ ಬಂಧುಗಳು ಬಂದಾಗ ಜಾನ್ ಬೀಗದ ಕೈಯನ್ನು ಅವರಿಗೆ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ಮರಳಿದನು. ಬರಹದಲ್ಲಿ ಇಲ್ಲದ ಹಕ್ಕನ್ನು ಸಾಧಿಸಿ ಜಗಳ ಕಾಯಲು ಅವನ ಮನಸ್ಸು ಒಪ್ಪಲಿಲ್ಲ. ಅದರ ಫಲವಾಗಿ ಮುಂದೆ ಹಲವು ವರ್ಷ ಅವನು ದುಡಿದು ಓದಬೇಕಾಯಿತು.

1831ರಲ್ಲಿ ಜಾನ್ ಕಿಯೇರಿ ಪಟ್ಟಣದ ಶಾಲೆಗೆ ಸೇರಿದನು. ದರ್ಜಿಯ ಬಳಿ ಹೊಲಿಗೆ ಕಲಿತನು. ಕಾಫಿ ಅಂಗಡಿಯೊಂದರಲ್ಲಿ ಬಿಲಿಯರ್ಡ್ಸ್ ಆಡುವವರ ಅಂಕಗಳನ್ನು ಬರೆಯುತ್ತ, ಮಿಠಾಯಿ ಮಾಡುವುದನ್ನೂ ಕಲಿತನು. ಇದೇ ಸಮಯದಲ್ಲಿ ಸಹಪಾಠಿಗಳನ್ನು ಕೂಡಿಸಿ ಆನಂದ ಕೂಟವೆಂಬ ಸಂಘವನ್ನು ಕಟ್ಟಿದನು. ಕ್ರೈಸ್ತನಿಗೆ ತಗದ ಮಾತು, ನಡತೆಗಳಿಂದ ದೂರವಿರುವುದು, ಓದಿನ ಹಾಗೂ ಧರ್ಮದ ಕರ್ತವ್ಯಗಳನ್ನು ತಪ್ಪದೆ ನೆರವೇರಿಸುವುದು, ಇಷ್ಟೇ ಅದರ ನಿಯಮಗಳು.

ಆ ದಿನಗಳಲ್ಲಿ ಊರಿಗೆ ಬಂದ ದೊಂಬರಾಟದವನೊಬ್ಬನು ಭಾನುವಾರ ಪೂಜೆ ಪ್ರಾರ್ಥನೆಗಳ ವೇಳೆಗೇ ಆಟ ಹೂಡಿ ಹುಡುಗರನ್ನು ಸೆಳೆಯತೊಡಗಿದನು. ಊರಿನ ವಿದ್ಯಾರ್ಥಿಗಳಲ್ಲಿ ತನಗೆ ಸರಿಸಮಾನರಿಲ್ಲವೆಂದು ಅವನ ಜಂಭ. ಜಾನ್ ಸ್ಪರ್ಧೆಗೆ ನಿಂತನು. ಪಣದ ಹಣವನ್ನು ಗೆಳೆಯರು ಕೂಡಿಸಿದರು. ಮೊದಲು 20 ಲೀರಾ ಪಣವಿಟ್ಟು ಓಟ, ಜಾನ್ ಗೆದ್ದನು. ಸೋತವನು ಪಂತವನ್ನು ಏರಿಸಿ 40 ಲೀರಾಕ್ಕೆ ಕಾಲುವೆ ಹಾರುವ ಪಂದ್ಯಕ್ಕೆ ಕರೆದನು, ಮತ್ತೆ ಸೋತನು. 80 ಲೀರಾಕ್ಕೆ ಕೋಲನ್ನು ಬೆರಳ ತುದಿಯಿಂದ ಮೂಗಿನವರೆಗೂ ನಿಲ್ಲಿಸಿ ನಡೆಸುವ ಆಟ, ಅದರಲ್ಲೂ ಸೋತನು. ಕೊನೆಗೆ ತನ್ನಲ್ಲಿ ಉಳಿದಿದ್ದ 100 ಲೀರಾವನ್ನೂ ಒಡ್ಡಿ ಮರ ಹತ್ತುವ ಪಂದ್ಯಕ್ಕಿಳಿದನು. ರೆಂಬೆ ಬಾಗುವವರೆಗೂ ಅವನು ಏರಿದನು. ಜಾನ್ ಅಷ್ಟೇ ಎತ್ತರಕ್ಕೆ ಏರಿ, ಕೈಯೂರಿ ಕಾಲುಗಳನ್ನು ಮೇಲೆತ್ತಿ, ಅವನಿಗಿಂತ ಎತ್ತರವನ್ನು ಮುಟ್ಟಿದನು.

ಹೀಗೆ 240 ಲೀರಾ ಹುಡುಗರ ಕೈ ಸೇರಿತು. ಗೆದ್ದ ಹಣದ ಗತಿಯೇನು? ಆ ಮನುಷ್ಯನ ಮುಖದಲ್ಲಿ ಕಂಡ ದುಃಖ ಗೆದ್ದವರ ಸಂತೋಷವನ್ನು ತಡೆಯಿತು. ಗೆಳೆಯರೆಲ್ಲ ಆಲೋಚಿಸಿ, ಕೂಟದ 22 ಮಂದಿಗೂ ಒಂದು ಊಟ ಹಾಕಿಸುವುದಾದರೆ ಹಣವನ್ನೆಲ್ಲ ಮರಳಿಸುವುದಾಗಿ ತಿಳಿಸಿದರು. ಊಟಕ್ಕೆ 25 ಲೀರಾ ಖರ್ಚಾಯಿತು. ಉಳಿದ 215 ಲೀರಾ ಅವನಿಗೇ ಉಳಿಯಿತು. ತನ್ನನ್ನು ಸರ್ವನಾಶದಿಂದ ಪಾರುಮಾಡಿದ ವಿದ್ಯಾರ್ಥಿಗಳಿಗೆ ಅವನು ಕೃತಜ್ಞತೆ ಸಲ್ಲಿಸಿ, ಇನ್ನೆಂದೂ ವಿದ್ಯಾರ್ಥಿಗಳೊಡನೆ ಪಂತ ಕಟ್ಟುವುದಿಲ್ಲವೆಂದು ಹೇಳಿ ಹೋದನು.

ಇದೂ ಪಣವಿಟ್ಟ ಆಟವೇ ಅಲ್ಲವೇ ಎಂದು ಓದುಗರು ಕೇಳಬಹುದು. ಹೌದು, ಅದನ್ನು ಮರೆಮಾಚುವ ಅಗತ್ಯ ನಮಗಿಲ್ಲ. ಸೋತವನು ಕಳೆದುದನ್ನು ಮರಳಿ ಪಡೆಯುವ ಹಟದಲ್ಲಿ ಪ್ರತಿ ಸಲವೂ ಪಣವನ್ನು ಹೆಚ್ಚಿಸುತ್ತ, ಕಡೆಗೆ ಇದ್ದುದೆಲ್ಲವನ್ನೂ ಒಡ್ಡಿದುದನ್ನು ಆ ಹುಡುಗರು ಕಣ್ಣಾರೆ ಕಂಡರು. ಗೆದ್ದವನ ಲಾಭವೆಂದರೆ ಮತ್ತೊಬ್ಬನ ಅನ್ನವೆಂಬುದನ್ನೂ ಕಂಡರು. ಜೂಜಿನ ಕೇಡನ್ನು ತಿಳಿಸಲು ಇದಕ್ಕಿಂತ ದೊಡ್ಡ ಉಪದೇಶ ಬೇಕಿರಲಿಲ್ಲ. ಮುಂದೆ ಇದೇ ಜಾನ್ ಬೋಸ್ಕೊ ತಮ್ಮ ಬಾಲಕರ ಆಟದಂಗಳದಲ್ಲಿ ಹಣವಿಟ್ಟು ಆಡುವುದನ್ನು ಸಂಪೂರ್ಣವಾಗಿ ನಿಷೇಧಿಸಿದರು.

1841ರ ಜೂನ್ 5ರಂದು ಅವರು ಟ್ಯೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದರು. ಅಲ್ಲಿನ ಸೆರೆಮನೆಗಳಲ್ಲಿ ಎಳೆಯ ಹುಡುಗರನ್ನು ಕಂಡು ಅವರ ಹೃದಯ ಕರಗಿತು. ಹಳ್ಳಿಗಳಿಂದ ಕೂಲಿ ಹುಡುಕಿ ಬಂದು ಗಾರೆ ಕೆಲಸ, ಕಲ್ಲು ಕೆಲಸ ಮಾಡುತ್ತಿದ್ದ ಹುಡುಗರಿಗೆ ನಗರದಲ್ಲಿ ಹೇಳುವವರು ಕೇಳುವವರು ಇರಲಿಲ್ಲ. ಅವರಿಗಾಗಿ 1846ರ ಪಾಸ್ಖ ಹಬ್ಬದಂದು ವಾಲ್ದೊಕ್ಕೊದ ಒಂದು ಹರಕು ಮಾಡಿನಡಿಯಲ್ಲಿ ಅವರ ಬಾಲಕೇಂದ್ರ ನೆಲೆ ನಿಂತಿತು. ಅದೇ ವರ್ಷದ ನವೆಂಬರಿನಲ್ಲಿ ತಾಯಿ ಮಾರ್ಗರೀತಾ ಹಳ್ಳಿಯ ಮನೆಯನ್ನು ಬಿಟ್ಟು ಬಂದು ಆ ಹುಡುಗರಿಗೆಲ್ಲ ತಾಯಿಯಾದಳು. ತನ್ನ ಮದುವೆಯ ಉಡುಗೆ ಒಡವೆಗಳನ್ನೂ ದೇವಾಲಯದ ಹಾಗೂ ಮನೆಯ ಅಗತ್ಯಗಳಿಗೆ ಕೊಟ್ಟುಬಿಟ್ಟಳು.

ಆ ಆರಂಭದ ದಿನಗಳ ಒಂದು ಘಟನೆಯನ್ನು ಅವರ ಜೀವನಚರಿತ್ರೆಯಲ್ಲಿ ಬರೆದಿದ್ದಾರೆ. ಬಯಲಿನಲ್ಲಿ ಕೆಲವು ಹುಡುಗರು ಹಣವಿಟ್ಟು ಇಸ್ಪೀಟು ಆಡುತ್ತಿದ್ದರು. ಡಾನ್ ಬೋಸ್ಕೊ ಬಂದು ತಾವೂ ಆಡುವವರಂತೆ ಅವರ ನಡುವೆ ಕುಳಿತು, ಪಣದ ಹಣವನ್ನೆಲ್ಲ ತಮ್ಮ ಕರವಸ್ತ್ರದಲ್ಲಿ ಹಾಕಿಸಿಕೊಂಡರು. ಪಣ ಏರಿದೊಡನೆ ಗಂಟನ್ನು ಬಾಚಿಕೊಂಡು ದೇವಾಲಯದತ್ತ ಓಟ ಕಿತ್ತರು. ಹಣಕ್ಕಾಗಿ ಬೊಬ್ಬಿಡುತ್ತ ಬೆನ್ನಟ್ಟಿದ ಹುಡುಗರು ಒಳಗೆ ಬಂದು ಪ್ರಬೋಧನೆಯನ್ನು ಕೇಳಬೇಕಾಯಿತು. ಪೂಜಾವಿಧಿ ಮುಗಿದ ಮೇಲೆ ಅವರವರ ಹಣ ಅವರವರಿಗೆ ಮರಳಿತು; ಇನ್ನು ಜೂಜಾಡುವುದಿಲ್ಲವೆಂಬ ಮಾತನ್ನು ಮಾತ್ರ ಅವರು ಪಡೆದುಕೊಂಡರು.

1850ರ ಜನವರಿ 1ರಿಂದ ಆ ರಾಜ್ಯದಲ್ಲಿ ಹಳೆಯ ತೂಕ, ಅಳತೆಗಳನ್ನು ಕೈಬಿಟ್ಟು ದಶಮಾಂಶ ಪದ್ಧತಿಯನ್ನು ಕಡ್ಡಾಯ ಮಾಡಲಾಯಿತು. ನಮ್ಮ ದೇಶದಲ್ಲಿ 1957ರಲ್ಲಿ ಹದಿನಾರಾಣೆಯ ರೂಪಾಯಿ ನೂರು ಪೈಸೆಯದಾದಾಗ ಹಿರಿಯರು ಲೆಕ್ಕ ತಪ್ಪಿ ತಡವರಿಸಿದ್ದನ್ನು ನಾವು ಕೇಳಿ ಬಲ್ಲೆವು. ಅಕ್ಷರವರಿಯದ ಕೂಲಿ ಹುಡುಗರು ಕೂಲಿಯಲ್ಲೂ ಕೊಳ್ಳುವಲ್ಲಿಯೂ ಮೋಸಹೋಗುವುದು ಎಷ್ಟು ಸುಲಭ! ಡಾನ್ ಬೋಸ್ಕೊ 1849ರಲ್ಲೇ ಹೊಸ ಪದ್ಧತಿಯನ್ನು ಸರಳವಾಗಿ ವಿವರಿಸುವ ಪುಸ್ತಕವೊಂದನ್ನು ಬರೆದರು. ಅಷ್ಟಕ್ಕೇ ನಿಲ್ಲದೆ, ಅದೇ ವಿಷಯವನ್ನು ಹಾಸ್ಯ ಬೆರೆತ ಸಂಭಾಷಣೆಗಳನ್ನಾಗಿ ಮಾಡಿ, ಆ ವರ್ಷದ ಡಿಸೆಂಬರಿನಲ್ಲಿ ತಮ್ಮ ಹುಡುಗರಿಂದಲೇ ರಂಗದ ಮೇಲೆ ಆಡಿಸಿದರು. ನೋಡಿದವರು ನಗುನಗುತ್ತ ಲೆಕ್ಕ ಕಲಿತರು.

ಮರುವರ್ಷ, 1850ರಲ್ಲಿ, ದುಡಿಯುವ ಹುಡುಗರ ಪರಸ್ಪರ ಸಹಾಯ ಸಂಘವೊಂದು ಅಲ್ಲಿ ಹುಟ್ಟಿತು. ಪ್ರತಿಯೊಬ್ಬ ಸದಸ್ಯನೂ ಭಾನುವಾರಕ್ಕೊಂದು ಸೋಲ್ಡೊ ಕೊಡಬೇಕು. ಒಂದು ಲೀರಾಕ್ಕೆ ಇಪ್ಪತ್ತು ಸೋಲ್ಡೊ. ಎಂದರೆ ಸೇರಿಸುತ್ತಿದ್ದುದು ಅಲ್ಪವೇ. ಆದರೆ ಸದಸ್ಯನು ಕಾಯಿಲೆ ಬಿದ್ದರೆ ಗುಣವಾಗುವವರೆಗೂ ದಿನಕ್ಕೆ ಅರ್ಧ ಲೀರಾ ನೆರವು ದೊರೆಯುತ್ತಿತ್ತು. ಆಟಕ್ಕೆಂದು ಕೂಡುತ್ತಿದ್ದ ದಿನದಂದೇ ಉಳಿತಾಯವೂ ನಡೆಯುತ್ತಿತ್ತು. ಹಿಂದೆ ಪಣಕ್ಕೆ ಹೋಗಬಹುದಾಗಿದ್ದ ಕಾಸು ಈಗ ಕಾಯಿಲೆ ಬಿದ್ದ ಗೆಳೆಯನ ಗಂಜಿಗೆ ಹೋಯಿತು.

ಹುಡುಗರು ಕಸಬು ಕಲಿಯಲು ಹೋದೆಡೆಯಲ್ಲೂ ಅವರು ಕೈಬಿಡಲಿಲ್ಲ. 1852ರ ಫೆಬ್ರವರಿಯಲ್ಲಿ ಬಡಗಿಯೊಬ್ಬನೊಡನೆ ಛಾಪಾ ಕಾಗದದ ಮೇಲೆ ಮಾಡಿಕೊಂಡ ಕರಾರು ಪ್ರಸಿದ್ಧವಾಗಿದೆ. ಹುಡುಗನಿಗೆ ಕಸಬನ್ನು ಪೂರ್ಣವಾಗಿ ಕಲಿಸಬೇಕು. ತಪ್ಪಿದಾಗ ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಕೂಡದು. ಹಬ್ಬದ ದಿನಗಳಲ್ಲಿ ದುಡಿಸಕೂಡದು. ದಿನಗೂಲಿ ಮೊದಲ ವರ್ಷ 30, ಎರಡನೆಯ ವರ್ಷ 40, ಮೂರನೆಯ ವರ್ಷ 60 ಚೆಂತೇಸಿಮೊ. ಸಹಿ ಹಾಕುವ ಮೊದಲು ಓದಿ ತಿಳಿಯಬೇಕು, ದುಡಿಮೆಗೆ ನ್ಯಾಯವಾದ ಬೆಲೆಯುಂಟು ಎಂಬ ಪಾಠವನ್ನು ಆ ಹುಡುಗರು ಹೀಗೆ ಕಲಿತರು.

ಇದೆಲ್ಲಕ್ಕೂ ತಳಹದಿ ಅವರ ಆಟದಂಗಳವೇ. ಗುರುಗಳೂ ಉಪಾಧ್ಯಾಯರೂ ಹುಡುಗರೊಡನೆ ಬೆರೆತು ಆಡಬೇಕೆಂಬುದು ಅವರ ನಿಯಮ. ಸೋತಾಗ ಮುನಿಯುವವನಾರು, ಗೆದ್ದಾಗ ಬೀಗುವವನಾರು, ಮೋಸಕ್ಕೆ ಕೈಹಾಕುವವನಾರು ಎಂಬುದು ತರಗತಿಗಿಂತ ಆಟದಲ್ಲೇ ಬೇಗ ತಿಳಿಯುತ್ತದೆ. 1884ರ ಮೇ ತಿಂಗಳಿನಲ್ಲಿ, ವೃದ್ಧರಾಗಿದ್ದ ಅವರು ರೋಮಿನಿಂದ ತಮ್ಮ ಮನೆಯವರಿಗೆ ಒಂದು ಪತ್ರ ಬರೆದರು. ಅದರಲ್ಲಿ ಅವರು ಕನಸಿನಲ್ಲಿ ಕಂಡ ಎರಡು ಆಟದಂಗಳಗಳ ವರ್ಣನೆಯಿದೆ. ಒಂದರಲ್ಲಿ ಹಿರಿಯರೂ ಕಿರಿಯರೂ ಕೂಡಿ ಆಡುತ್ತಿದ್ದಾರೆ. ಮತ್ತೊಂದರಲ್ಲಿ ಹುಡುಗರು ಬೇಸರದಿಂದ ಮೂಲೆ ಹಿಡಿದಿದ್ದಾರೆ. ಹಿರಿಯರು ದೂರದಲ್ಲಿ ತಮ್ಮ ತಮ್ಮೊಳಗೇ ಮಾತಿನಲ್ಲಿ ತೊಡಗಿದ್ದಾರೆ. ಹಿರಿಯರು ಆಟವನ್ನು ತೊರೆದಂದೇ ಮಕ್ಕಳ ವಿಶ್ವಾಸವೂ ತಪ್ಪಿಹೋಯಿತೆಂಬುದು ಆ ಪತ್ರದ ವ್ಯಥೆ.

1888ರ ಜನವರಿ 31ರಂದು ಅವರು ಪ್ರಭುವಿನಲ್ಲಿ ನಿದ್ರೆಹೋದರು. 1934ರ ಪಾಸ್ಖ ಹಬ್ಬದಂದು ಅವರಿಗೆ ಸಂತ ಪದವಿ ದೊರೆಯಿತು. ಅವರ ಮಕ್ಕಳಾದ ಸಲೇಷಿಯನ್ ಗುರುಗಳು 1906ರಲ್ಲಿ ತಂಜಾವೂರಿಗೆ ಬಂದಿಳಿದು ಭಾರತದಲ್ಲಿ ತಮ್ಮ ಸೇವೆಯನ್ನು ಆರಂಭಿಸಿದರು.

ಆ ಪತ್ರದ ಎರಡು ಅಂಗಳಗಳಲ್ಲಿ ನಮ್ಮ ಮನೆ ಯಾವುದನ್ನು ಹೋಲುತ್ತದೆಂದು ನಾವೇ ವಿಚಾರಿಸಿಕೊಳ್ಳೋಣ. ಇಂದು ಮಗುವಿನ ಆಟ ಮೊಬೈಲ್ ಫೋನಿನಲ್ಲಿದೆ. ಒಂದು ಬೆರಳು ತಾಗಿದರೆ ತಂದೆಯ ಖಾತೆಯ ಹಣ ಸದ್ದಿಲ್ಲದೆ ಹೋಗುತ್ತದೆ. ಹಣ ಹೋದುದು ಮಗುವಿನ ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಕಸಿದುಕೊಂಡು ಬೈದರೆ ಪಾಠ ಮುಗಿಯುವುದಿಲ್ಲ. ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಒಂದು ಗಂಟೆ ಮಕ್ಕಳೊಡನೆ ಚೌಕಾಬಾರವನ್ನೋ ಚನ್ನೆಮಣೆಯನ್ನೋ ಹರವಿ ಕುಳಿತುಕೊಳ್ಳೋಣ. ಹುಣಸೆ ಬೀಜ ಕೈಗೆ ಬಂದಾಗ ಉಳಿಸುವುದೇ, ಕಳೆಯುವುದೇ ಎಂದು ಮಗು ತಾನೇ ನಿರ್ಧರಿಸಲಿ, ಸೋತರೆ ಸೋಲಲಿ. ತಿಂಗಳ ಸಾಮಾನಿನ ಪಟ್ಟಿಯನ್ನು ಅವರ ಕೈಗಿತ್ತು, ಇದ್ದ ಹಣದಲ್ಲಿ ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕೆಂದು ಕೇಳೋಣ. ಕಡೆಗೆ ಉಳಿದುದರಲ್ಲಿ ಪರರಿಗೆ ಎಷ್ಟೆಂದೂ ಕೇಳೋಣ. 240 ಲೀರಾ ಗೆದ್ದು 215ನ್ನು ಮರಳಿಸಿದ ಆ ಹುಡುಗರ ಕಥೆಯನ್ನು ಹೇಳಲು ಅದೇ ತಕ್ಕ ಸಮಯ.