ಗಣಕಯಂತ್ರದ ಪಿತಾಮಹ ಚಾರ್ಲ್ಸ್ ಬ್ಯಾಬೇಜ್

ಗಣಕ ಎಂಬ ಶಬ್ದವು ನಮಗೆ ಹೊಸದಲ್ಲ. ಲೆಕ್ಕ ಹಾಕುವವನು, ಜ್ಯೋತಿಷಿ ಎಂಬ ಅರ್ಥಗಳಲ್ಲಿ ಅದು ಸಂಸ್ಕೃತದಿಂದ ನಮ್ಮ ಭಾಷೆಗೆ ಬಹು ಹಿಂದೆಯೇ ಬಂದಿದೆ. ಸೋಜಿಗವೆಂದರೆ ಇಂಗ್ಲಿಷಿನ ಕಂಪ್ಯೂಟರ್ ಶಬ್ದದ ಕಥೆಯೂ ಇದೇ. ಇನ್ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಮನುಷ್ಯ; ಸಂಬಳಕ್ಕೆ ಕುಳಿತು ಕೂಡುವ, ಕಳೆಯುವ, ಗುಣಿಸುವ ಗುಮಾಸ್ತ. ಮನುಷ್ಯನ ಈ ಕೆಲಸವನ್ನು ಯಂತ್ರಕ್ಕೆ ವಹಿಸಲು ಜೀವಮಾನವನ್ನೇ ಸವೆಸಿದವನು ಚಾರ್ಲ್ಸ್ ಬ್ಯಾಬೇಜ್. ನಮ್ಮ ಶಾಲೆಯ ಮಕ್ಕಳು ಗಣಕಯಂತ್ರದ ಕೊಠಡಿಯಿಂದ ಹೊರಬಂದು, ಯಂತ್ರಾಂಶವೆಂದರೇನು, ತಂತ್ರಾಂಶವೆಂದರೇನು ಎಂದು ನನ್ನನ್ನು ಕೇಳುವುದುಂಟು. ಶಬ್ದಗಳು ಕನ್ನಡ ಪುಸ್ತಕದಲ್ಲಿರುವುದರಿಂದ ಅರ್ಥವೂ ಕನ್ನಡ ಪಂಡಿತನಲ್ಲಿ ಇರಲೇಬೇಕೆಂಬ ನಂಬಿಕೆ ಅವರದು. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಸಲುವಾಗಿ ಓದಿ ತಿಳಿದದ್ದನ್ನು ಇಲ್ಲಿ ನಿರೂಪಿಸಿದ್ದೇನೆ.

ಬ್ಯಾಬೇಜನು 1791ನೆಯ ಡಿಸೆಂಬರ್ 26ರಂದು ಲಂಡನ್ನಿನ ಸಿರಿವಂತ ಮನೆತನದಲ್ಲಿ ಜನಿಸಿದನು. ತಂದೆ ಬ್ಯಾಂಕಿನ ವ್ಯವಹಾರಸ್ಥ. ಬಾಲ್ಯದಲ್ಲಿ ಕಾಯಿಲೆಯಿಂದ ನರಳಿದ ಹುಡುಗನು ಗಣಿತದಲ್ಲಿ ಮಾತ್ರ ಗುರುಗಳನ್ನು ಮೀರಿಸುವವನಾಗಿದ್ದನು. 1810ರಲ್ಲಿ ಕೇಂಬ್ರಿಜ್ ವಿದ್ಯಾಪೀಠವನ್ನು ಸೇರಿ, ಅಲ್ಲಿನ ಪಾಠ ಹಳತಾಯಿತೆಂದು ಕಂಡು, ಜಾನ್ ಹರ್ಷೆಲ್, ಜಾರ್ಜ್ ಪೀಕಾಕ್ ಮೊದಲಾದ ಗೆಳೆಯರೊಡನೆ ಹೊಸ ಗಣಿತದ ಪ್ರಚಾರಕ್ಕಾಗಿ 1812ರಲ್ಲಿ ಒಂದು ಮಂಡಲಿಯನ್ನೇ ಕಟ್ಟಿದನು. 1814ರಲ್ಲಿ ಜಾರ್ಜಿಯಾನಾಳೊಡನೆ ವಿವಾಹವಾಯಿತು. 1816ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮುನ್ನವೇ, ರಾಯಲ್ ಸೊಸೈಟಿಯ ಸದಸ್ಯತ್ವವು ದೊರೆಯಿತು.

ಆತನ ಬಾಳಿನ ದಿಕ್ಕನ್ನು ನಿರ್ಣಯಿಸಿದ್ದು 1821ರ ಒಂದು ಸಂದರ್ಭ. ಬ್ಯಾಬೇಜ್ ಮತ್ತು ಹರ್ಷೆಲ್ ಇಬ್ಬರೂ ಕುಳಿತು, ಖಗೋಳದ ಲೆಕ್ಕಕ್ಕಾಗಿ ಬೇರೆ ಬೇರೆ ಗಣಕರು ಸಿದ್ಧಪಡಿಸಿದ್ದ ಕೋಷ್ಟಕಗಳನ್ನು ತಾಳೆ ನೋಡುತ್ತಿದ್ದರು. ತಪ್ಪಿನ ಮೇಲೆ ತಪ್ಪು ಕಾಣತೊಡಗಿತು. ಈ ಲೆಕ್ಕವನ್ನು ಉಗಿಯ ಬಲದಿಂದ ಮಾಡಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಹಂಬಲ ಆಗಲೇ ಮೂಡಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಿರಿಯರಾದವರಿಗೆ ಲಾಗರಿದಮ್ ಕೋಷ್ಟಕದ ಪುಸ್ತಕ ನೆನಪಿರಬಹುದು. ಅಂದು ಹಡಗು ದಾರಿ ಹಿಡಿಯುವುದಕ್ಕೂ, ಭೂಮಿಯ ಮೋಜಣಿಗೂ ಅಂಥ ಕೋಷ್ಟಕಗಳೇ ಆಧಾರ. ಅಂಕಿಯೊಂದು ತಪ್ಪಿದರೆ ಹಡಗು ಬಂಡೆಗೆ ಬಡಿಯುವ ಭಯ. ಗಣಕನ ತಪ್ಪು ಒಂದಾದರೆ, ನಕಲು ಮಾಡುವವನದು ಇನ್ನೊಂದು, ಅಚ್ಚಿನ ಮೊಳೆ ಜೋಡಿಸುವವನದು ಮತ್ತೊಂದು. ತಾಳೆಗರಿಯ ಗ್ರಂಥಗಳನ್ನು ಪರಿಶೋಧಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬ ಲಿಪಿಕಾರನ ಕಣ್ಣು ತಪ್ಪಿದ್ದು ಆ ಓಲೆಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲಿಯೂ ಇಳಿದು ಬರುತ್ತದೆ. ಆದ್ದರಿಂದಲೇ ಬ್ಯಾಬೇಜನು ಲೆಕ್ಕ ಮಾಡುವುದಷ್ಟೇ ಅಲ್ಲದೆ ಉತ್ತರವನ್ನು ತಾನೇ ಅಚ್ಚಿಗೆ ಇಳಿಸುವ ಯಂತ್ರವನ್ನು ಬಯಸಿದನು.

1822ರಲ್ಲಿ ಚಿಕ್ಕದೊಂದು ಮಾದರಿ ಸಿದ್ಧವಾಯಿತು. ಇದರ ತತ್ತ್ವ ಬಹು ಸರಳ. ಒಂದು, ನಾಲ್ಕು, ಒಂಬತ್ತು, ಹದಿನಾರು, ಇಪ್ಪತ್ತೈದು ಎಂಬ ವರ್ಗಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಒಂದಕ್ಕೂ ಮುಂದಿನದಕ್ಕೂ ಇರುವ ಅಂತರಗಳು ಮೂರು, ಐದು, ಏಳು, ಒಂಬತ್ತು. ಈ ಅಂತರಗಳ ನಡುವಣ ಅಂತರ ಎಲ್ಲೆಡೆಯೂ ಎರಡೇ. ಹಾಗಾದರೆ ಗುಣಾಕಾರದ ಗೊಡವೆಯೇ ಇಲ್ಲದೆ, ಬರಿಯ ಕೂಡಿಕೆಯಿಂದ ಮುಂದಿನ ವರ್ಗಗಳೆಲ್ಲ ದೊರೆಯುತ್ತವೆ. ಕೂಡುವ ಕೆಲಸವನ್ನು ಹಲ್ಲುಚಕ್ರಗಳು ಮಾಡಬಲ್ಲವು. ಇದೇ ಅಂತರ ಯಂತ್ರ. 1823ರಲ್ಲಿ ಸರ್ಕಾರವು ಧನಸಹಾಯ ನೀಡಿತು. ಜೋಸೆಫ್ ಕ್ಲೆಮೆಂಟ್ ಎಂಬ ನಿಪುಣ ಕುಶಲಕರ್ಮಿಯು ಕೆಲಸಕ್ಕೆ ನಿಂತನು. ಬೇಕಾದ ಬಿಡಿಭಾಗಗಳು ಸುಮಾರು 25,000. ಒಂದೇ ಅಳತೆಯ ಸಾವಿರಾರು ಭಾಗಗಳನ್ನು ಎರಕ ಹೊಯ್ದು ಕಡೆಯುವ ಉಪಕರಣಗಳನ್ನೂ ಅವರೇ ಮೊದಲು ರೂಪಿಸಿಕೊಳ್ಳಬೇಕಾಗಿತ್ತು.

ಇದರ ನಡುವೆ 1827 ಬಂದಿತು. ಅದೊಂದೇ ವರ್ಷದಲ್ಲಿ ತಂದೆ, ಮಡದಿ, ಇಬ್ಬರು ಮಕ್ಕಳು ತೀರಿಕೊಂಡರು. ಹುಟ್ಟಿದ ಎಂಟು ಮಕ್ಕಳಲ್ಲಿ ಬಾಳಿ ದೊಡ್ಡವರಾದವರು ಮೂವರು ಗಂಡುಮಕ್ಕಳು ಮಾತ್ರ. ಆತನು ದೇಶಾಂತರ ಹೋದನು. ಮರಳಿ ಬಂದು ಕೇಂಬ್ರಿಜ್‌ನಲ್ಲಿ ನ್ಯೂಟನ್ ಅಲಂಕರಿಸಿದ್ದ ಗಣಿತಪೀಠವನ್ನು 1828ರಿಂದ 1839ರವರೆಗೆ ಹೊಂದಿದ್ದನು. 1832ರಲ್ಲಿ ಯಂತ್ರದ ಏಳನೆಯ ಒಂದು ಪಾಲು ಜೋಡಿಸಲ್ಪಟ್ಟು ನಿರ್ದೋಷವಾಗಿ ತಿರುಗಿತು. ಮರುವರ್ಷವೇ ಕ್ಲೆಮೆಂಟನೊಡನೆ ಹಣದ ವಿಷಯದಲ್ಲಿ ಜಗಳವಾಗಿ ಕೆಲಸ ನಿಂತಿತು. 1842ರಲ್ಲಿ ಸರ್ಕಾರವು ಕೈಬಿಟ್ಟಿತು. ಅಷ್ಟರಲ್ಲಿ ಬೊಕ್ಕಸದಿಂದ ಸುಮಾರು 17,500 ಪೌಂಡು ವೆಚ್ಚವಾಗಿತ್ತು. ದೋಷ ಒಂದೇ ಕಡೆಯದಲ್ಲ. ಬ್ಯಾಬೇಜನ ನಾಲಗೆ ಹರಿತ. ಹಿಡಿದುದನ್ನು ಮುಗಿಸುವ ಮುನ್ನ ಅದಕ್ಕಿಂತ ಉತ್ತಮವಾದುದರ ಕಡೆಗೆ ಮನಸ್ಸು ಹಾರುತ್ತಿತ್ತು. ಹಣ ಕೊಟ್ಟವರು ಯಂತ್ರವೆಲ್ಲಿ ಎಂದು ಕೇಳಿದ್ದು ಅನ್ಯಾಯವೆನ್ನಲಾಗದು.

ಆದರೆ ಹಾಗೆ ಹಾರಿದ ಮನಸ್ಸಿನಿಂದಲೇ 1834ರಲ್ಲಿ ವಿಶ್ಲೇಷಣ ಯಂತ್ರದ ಕಲ್ಪನೆ ಮೂಡಿತು. ಅಂತರ ಯಂತ್ರವು ಒಂದು ಬಗೆಯ ಲೆಕ್ಕವನ್ನಷ್ಟೇ ಬಲ್ಲುದು. ಹೊಸದಾದರೋ, ಯಾವ ಲೆಕ್ಕವನ್ನು ಹೇಳಿದರೂ ಮಾಡಬೇಕು. ಅದಕ್ಕಾಗಿ ಬ್ಯಾಬೇಜನು ಯಂತ್ರವನ್ನು ಎರಡು ಭಾಗ ಮಾಡಿದನು. ಸಂಖ್ಯೆಗಳನ್ನು ಕಾಯ್ದಿಡುವುದು ಉಗ್ರಾಣ. ಅವುಗಳನ್ನು ತಂದು ಕೂಡಿ, ಕಳೆದು, ಗುಣಿಸಿ, ಭಾಗಿಸುವುದು ಗಿರಣಿ. ಈ ಹೆಸರುಗಳು ಆತನೇ ಇಟ್ಟವು. ಹಗೇವಿನಿಂದ ಜೋಳವನ್ನು ತೆಗೆದು ಗಿರಣಿಗೆ ಒಯ್ದು, ಹಿಟ್ಟನ್ನು ಮನೆಗೆ ತಂದಿಡುವ ನಮ್ಮ ನವಲಗುಂದ, ಅಣ್ಣಿಗೇರಿಯ ರೈತನಿಗೆ ಇದಕ್ಕಿಂತ ತಿಳಿಯಾದ ವಿವರಣೆ ಬೇಕಿಲ್ಲ. ಇಂದಿನ ಗಣಕಯಂತ್ರದ ಒಳಗೂ ಇರುವುದು ಇದೇ ವ್ಯವಸ್ಥೆ. ಉಗ್ರಾಣವು ಮೆಮೊರಿ, ಗಿರಣಿಯು ಪ್ರೊಸೆಸರ್. ಒಳಗೆ ಕಾಳು ಹಾಕುವ ಬಾಯಿ ಕೀಲಿಮಣೆ. ಹಿಟ್ಟು ಹೊರಬರುವ ಬಾಯಿ ತೆರೆ ಮತ್ತು ಮುದ್ರಣಯಂತ್ರ. ಕೈಗೆ ಸಿಗುವ ಈ ಎಲ್ಲ ಅಂಗಗಳೂ ಯಂತ್ರಾಂಶ.

ಗಿರಣಿಗೆ ಏನು ಮಾಡಬೇಕೆಂದು ತಿಳಿಸುವವರಾರು? ಇಲ್ಲಿ ಬ್ಯಾಬೇಜನ ನೆರವಿಗೆ ಬಂದುದು ನೇಯ್ಗೆ. ಕೈಮಗ್ಗದಲ್ಲಿ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ನೇಯುವವರ ಕಣ್ಣು, ಕೈಗಳೇ ತೀರ್ಮಾನಿಸುತ್ತವೆ. ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳನ್ನು ಕಂಡವರು ಇದನ್ನು ಬಲ್ಲರು. ಫ್ರಾನ್ಸಿನ ಜಾಕಾರ್ಡ್ ಎಂಬಾತನು 1804ರ ಸುಮಾರಿಗೆ ಈ ತೀರ್ಮಾನವನ್ನು ರಂಧ್ರ ಕೊರೆದ ರಟ್ಟುಗಳಿಗೆ ಒಪ್ಪಿಸಿದನು. ರಂಧ್ರವಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ರಟ್ಟಿನ ಸರವನ್ನು ಬದಲಿಸಿದರೆ ಅದೇ ಮಗ್ಗ ಬೇರೆ ಚಿತ್ರವನ್ನು ನೇಯುತ್ತದೆ. ಸುಮಾರು 24,000 ರಟ್ಟುಗಳಿಂದ ರೇಷ್ಮೆಯಲ್ಲಿ ನೇಯ್ದ ಜಾಕಾರ್ಡನ ಭಾವಚಿತ್ರವೊಂದು ಬ್ಯಾಬೇಜನ ಮನೆಯಲ್ಲಿತ್ತು. ಅತಿಥಿಗಳು ಅದನ್ನು ಕೆತ್ತನೆಯ ಅಚ್ಚೆಂದೇ ಭ್ರಮಿಸುತ್ತಿದ್ದರು. ತನ್ನ ಯಂತ್ರಕ್ಕೂ ಆಜ್ಞೆಗಳನ್ನು ರಟ್ಟುಗಳಲ್ಲಿಯೇ ಕೊಡಲು ಬ್ಯಾಬೇಜನು ನಿಶ್ಚಯಿಸಿದನು. ಮಗ್ಗ ಯಂತ್ರಾಂಶ, ರಟ್ಟಿನಲ್ಲಿ ಅಡಗಿದ ವಿನ್ಯಾಸ ತಂತ್ರಾಂಶ. ಒಂದು ಫಲ ಬಂದರೆ ಈ ದಾರಿ, ಇನ್ನೊಂದು ಬಂದರೆ ಆ ದಾರಿ ಎಂಬ ನಿಯಮವೂ ಆತನ ಯೋಜನೆಯಲ್ಲಿ ಇದ್ದಿತು. ಪಾಣಿನಿಯ ಸೂತ್ರಗಳನ್ನು ಕಂಠಪಾಠ ಮಾಡಿದ ನನ್ನಂಥವನಿಗೆ ಇದು ಪರಿಚಿತ ನೆಲ.

ತಂತ್ರಾಂಶದ ಮಹತ್ವವನ್ನು ಬ್ಯಾಬೇಜನಿಗಿಂತಲೂ ಚೆನ್ನಾಗಿ ವಿವರಿಸಿದವಳು ಏಡಾ ಲವ್‌ಲೇಸ್. ಕವಿ ಬೈರನ್ನನ ಮಗಳು. 1833ರಲ್ಲಿ ಹದಿನೇಳರ ಹರೆಯದಲ್ಲಿ ಆಕೆ ಅಂತರ ಯಂತ್ರದ ಭಾಗವನ್ನು ಕಂಡಳು. 1840ರಲ್ಲಿ ಬ್ಯಾಬೇಜನು ಇಟಲಿಯ ಟ್ಯೂರಿನ್ನಿನಲ್ಲಿ ನೀಡಿದ ವಿವರಣೆಯನ್ನು ಆಧರಿಸಿ ಮೆನಾಬ್ರಿಯಾ ಎಂಬವನು ಫ್ರೆಂಚಿನಲ್ಲಿ ಬರೆದ ಲೇಖನವನ್ನು 1843ರಲ್ಲಿ ಇಂಗ್ಲಿಷಿಗೆ ಅನುವಾದಿಸಿ, ಮೂಲದ ಮೂರರಷ್ಟು ಟಿಪ್ಪಣಿಗಳನ್ನು ಸೇರಿಸಿದಳು. ಟೀಕೆಯೇ ಮೂಲವನ್ನು ಮೀರಿಸಿದ ಉದಾಹರಣೆ ನಮ್ಮ ಶಾಸ್ತ್ರಗ್ರಂಥಗಳಲ್ಲಿಯೂ ಉಂಟು. ಬರ್ನೂಲಿ ಸಂಖ್ಯೆಗಳನ್ನು ಯಂತ್ರವು ಹೇಗೆ ಲೆಕ್ಕಿಸಬೇಕೆಂಬುದನ್ನು ಹೆಜ್ಜೆಹೆಜ್ಜೆಯಾಗಿ ಒಂದು ಪಟ್ಟಿಯಲ್ಲಿ ತೋರಿಸಿದಳು. ಇಂಥ ಕೆಲವು ಪಟ್ಟಿಗಳನ್ನು ಬ್ಯಾಬೇಜನು ಅದಕ್ಕೂ ಮುನ್ನ ಬರೆದಿದ್ದುದರಿಂದ ಮೊದಲಿಗರಾರು ಎಂಬ ವಾದ ವಿದ್ವಾಂಸರಲ್ಲಿದೆ. ಆದರೆ ಸಂಖ್ಯೆಯಷ್ಟೇ ಅಲ್ಲ, ನಿಯಮಬದ್ಧವಾದ ಸಂಗೀತಸ್ವರಗಳನ್ನೂ ಯಂತ್ರವು ನಿರ್ವಹಿಸಬಲ್ಲುದು. ಹೇಳಿಕೊಟ್ಟುದನ್ನು ಮಾಡುವುದೇ ಹೊರತು ತಾನಾಗಿ ಏನನ್ನೂ ಹುಟ್ಟಿಸದು ಎಂಬ ಎರಡೂ ಕಾಣ್ಕೆಗಳು ಆಕೆಯವು. 1852ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ಈ ಮಾತಿನ ಸತ್ಯ ನನಗೆ ಮನವರಿಕೆಯಾದುದು ಬೇರೆ ರೀತಿಯಲ್ಲಿ. ಹಿಂದೊಮ್ಮೆ ಲೇಖನವೊಂದನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಸಿ, ಇನ್ನೊಂದೆಡೆ ಅಚ್ಚಿಗೆ ಒಯ್ದೆ. ಅಲ್ಲಿನ ಯಂತ್ರ ಹೆಚ್ಚು ಬೆಲೆಯದು, ಹೊಸದು. ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು. ವಾರದ ಶ್ರಮ ನೀರಿನಲ್ಲಿ ಹೋಯಿತೆಂದು ಎದೆ ಒಡೆಯಿತು. ಯಂತ್ರ ಕೆಟ್ಟಿರಲಿಲ್ಲ; ಆ ಸಂಕೇತಗಳನ್ನು ಕನ್ನಡ ಅಕ್ಷರವಾಗಿ ತೋರಿಸುವ ತಂತ್ರಾಂಶ ಅದರಲ್ಲಿರಲಿಲ್ಲ. ಅದನ್ನು ಅಳವಡಿಸಿದೊಡನೆ ಲೇಖನವು ಒತ್ತು, ದೀರ್ಘಗಳ ಸಮೇತ ಕಾಣಿಸಿಕೊಂಡಿತು. ಎಲ್ಲ ಯಂತ್ರಗಳಲ್ಲಿಯೂ ಒಂದು ಅಕ್ಷರಕ್ಕೆ ಒಂದೇ ಸಂಕೇತವಿರಬೇಕೆಂಬ ಯೂನಿಕೋಡ್ ಪದ್ಧತಿಯು ಬಳಕೆಗೆ ಬಂದ ಮೇಲೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪಿದೆ.

ಬ್ಯಾಬೇಜನ ಇಳಿವಯಸ್ಸು ಕಹಿಯಾಗಿತ್ತು. 1847ರಿಂದ 1849ರವರೆಗೆ ಎರಡನೆಯ ಅಂತರ ಯಂತ್ರದ ನಕ್ಷೆಗಳನ್ನು ಬರೆದನು, ಸರ್ಕಾರವು ಒಪ್ಪಲಿಲ್ಲ. ಸ್ವೀಡನ್ನಿನ ಷುಟ್ಜ್ ಎಂಬ ತಂದೆಮಕ್ಕಳು ಆತನ ತತ್ತ್ವದಿಂದಲೇ ಪ್ರೇರಿತರಾಗಿ ತಮ್ಮದೊಂದು ಯಂತ್ರವನ್ನು ಕಟ್ಟಿ ತಂದಾಗ ಮತ್ಸರಪಡದೆ ಹೊಗಳಿದ್ದು ಮಾತ್ರ ಆತನ ದೊಡ್ಡತನ. ಬೀದಿಯ ವಾದ್ಯದವರ ಮೇಲೆ ಆತ ಹೂಡಿದ ಸಮರವು ಊರಿಗೆಲ್ಲ ನಗೆಯ ವಿಷಯವಾಗಿತ್ತು. 1871ನೆಯ ಅಕ್ಟೋಬರ್ 18ರಂದು ನಿಧನನಾದನು.

ಕಿರಿಯ ಮಗ ಹೆನ್ರಿ ಪ್ರಿವೋಸ್ಟ್ ಬ್ಯಾಬೇಜನು ನಮ್ಮ ದೇಶದಲ್ಲಿ ಕಂಪನಿಯ ಸೈನ್ಯದಲ್ಲಿ ಸೇವೆ ಸಲ್ಲಿಸಿದವನು. ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿ, ತಂದೆಯ ಲೇಖನಗಳನ್ನು ಸಂಗ್ರಹಿಸಿ 1889ರಲ್ಲಿ ಪ್ರಕಟಿಸಿದನು. ಉಳಿದಿದ್ದ ಬಿಡಿಭಾಗಗಳಿಂದ ಚಿಕ್ಕ ಮಾದರಿಗಳನ್ನು ಜೋಡಿಸಿದನು. ಅವುಗಳಲ್ಲೊಂದು ಅಮೆರಿಕದ ಹಾರ್ವರ್ಡ್ ವಿದ್ಯಾಪೀಠಕ್ಕೆ ಹೋಗಿ ಮೂಲೆಯಲ್ಲಿ ಬಿದ್ದಿತ್ತು. 1944ರಲ್ಲಿ ಅಲ್ಲಿ ದೊಡ್ಡ ಗಣಕಯಂತ್ರವನ್ನು ಕಾರ್ಯಕ್ಕೆ ತಂದ ಹೊವರ್ಡ್ ಐಕನ್ ಅದನ್ನು ಕಂಡು ಬ್ಯಾಬೇಜನನ್ನು ಓದಿದ್ದನು. ಲಂಡನ್ನಿನ ವಿಜ್ಞಾನ ಸಂಗ್ರಹಾಲಯದವರು ಎರಡನೆಯ ಅಂತರ ಯಂತ್ರವನ್ನು ಮೂಲ ನಕ್ಷೆಯಂತೆಯೇ ಕಟ್ಟಿ 1991ರಲ್ಲಿ ಲೆಕ್ಕದ ಭಾಗವನ್ನೂ 2002ರಲ್ಲಿ ಮುದ್ರಣದ ಭಾಗವನ್ನೂ ಮುಗಿಸಿದರು. ಅದು ಸರಿಯಾಗಿ ನಡೆಯಿತು. ವಿಶ್ಲೇಷಣ ಯಂತ್ರವು ಪೂರ್ಣರೂಪದಲ್ಲಿ ಇನ್ನೂ ನಿರ್ಮಾಣವಾಗಿಲ್ಲ. ಆದರೆ ಅದಕ್ಕಾಗಿ ಏಡಾ ಬರೆದ ಪಟ್ಟಿಯನ್ನು ಇಂದಿನ ಗಣಕಯಂತ್ರಗಳಲ್ಲಿ ನಡೆಸಿ ನೋಡಿದ್ದಾರೆ. 1843ರ ಅಚ್ಚಿನಲ್ಲಿ, ಒಂದು ಭಾಗಾಕಾರದಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿದ್ದವು. ಅದೊಂದನ್ನು ತಿದ್ದಿದ ಮೇಲೆ ಉತ್ತರ ಸರಿಯಾಗಿ ಬಂದಿತು.