ಉಪರಾಷ್ಟ್ರಪತಿ ಹುದ್ದೆಗೆ ತೂಕ ತಂದ ಕನ್ನಡಿಗ ಬಿ.ಡಿ. ಜತ್ತಿ

ಉಪರಾಷ್ಟ್ರಪತಿ ಹುದ್ದೆಯನ್ನು ಅಲಂಕಾರದ ಪದವಿಯೆಂದು ಬಗೆಯುವವರೇ ಹೆಚ್ಚು. ರಾಜ್ಯಸಭೆಯ ಕಲಾಪ ನಡೆಸುವುದಷ್ಟೇ ಅವರ ನಿತ್ಯದ ಕೆಲಸ. ಆದರೆ ರಾಷ್ಟ್ರಪತಿಯ ಸ್ಥಾನ ಹಠಾತ್ತನೆ ತೆರವಾದಾಗ ದೇಶದ ಹೊಣೆ ಅವರ ಹೆಗಲೇರುತ್ತದೆ. 1977ರಲ್ಲಿ ಆ ಹೊಣೆ ಹೊತ್ತವರು ಕನ್ನಡಿಗರಾದ ಬಸಪ್ಪ ದಾನಪ್ಪ ಜತ್ತಿ.

ಜತ್ತಿಯವರು ಜನಿಸಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ. ಕೊಲ್ಲಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲರಾದರು. ಪುರಸಭೆಯಿಂದ ಆರಂಭವಾದ ಸಾರ್ವಜನಿಕ ಜೀವನ ಅವರನ್ನು ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿ ಸ್ಥಾನಕ್ಕೆ ಒಯ್ದಿತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡಿತು. ಮುಂದೆ ಅವರು ಮುಂಬಯಿ ಸರ್ಕಾರದಲ್ಲಿ ಉಪಸಚಿವರಾದರು.

ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಮೈಸೂರು ರಾಜ್ಯ ಅವರ ಕಾರ್ಯಕ್ಷೇತ್ರವಾಯಿತು. 1958ರ ಮೇ ತಿಂಗಳಿನಿಂದ 1962ರ ಮಾರ್ಚ್‌ವರೆಗೆ ಅವರು ಮುಖ್ಯಮಂತ್ರಿ. ಅವರ ಅಧ್ಯಕ್ಷತೆಯ ಸಮಿತಿಯ ವರದಿಯೇ 1961ರ ಭೂ ಸುಧಾರಣಾ ಕಾಯ್ದೆಗೆ ತಳಹದಿ. ವಚನ ಸಾಹಿತ್ಯದ ಪ್ರಸಾರಕ್ಕಾಗಿ 1964ರಲ್ಲಿ ಬಸವ ಸಮಿತಿ ಸ್ಥಾಪಿಸಿದರು.

ಪುದುಚೇರಿಯ ಉಪರಾಜ್ಯಪಾಲರಾಗಿ, ಬಳಿಕ ಒಡಿಶಾದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1973ರಲ್ಲಿ ಒಡಿಶಾದ ನಂದಿನಿ ಸತ್ಪಥಿ ಸರ್ಕಾರ ರಾಜೀನಾಮೆ ನೀಡಿದಾಗ ಪ್ರತಿಪಕ್ಷಕ್ಕೆ ಅವಕಾಶ ಕೊಡದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದ್ದು ಟೀಕೆಗೆ ಗುರಿಯಾಯಿತು. 1974ರ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಅವರು 521 ಮತ ಗಳಿಸಿದರೆ, ಎದುರಾಳಿ ಎನ್.ಇ. ಹೋರೊ 141 ಮತ ಪಡೆದರು.

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದರು. ಅದು ತುರ್ತು ಪರಿಸ್ಥಿತಿಯ ಕಾಲ. ಲೋಕಸಭಾ ಚುನಾವಣೆ ಬಾಗಿಲಲ್ಲಿತ್ತು. ಹಂಗಾಮಿ ರಾಷ್ಟ್ರಪತಿಯಾದ ಜತ್ತಿಯವರ ಅವಧಿಯಲ್ಲೇ ಮಾರ್ಚ್ 21ರಂದು ಆಂತರಿಕ ತುರ್ತು ಪರಿಸ್ಥಿತಿ ರದ್ದಾಯಿತು. ಮೂರು ದಿನಗಳ ಬಳಿಕ ಮೊದಲ ಕಾಂಗ್ರೆಸ್ಸೇತರ ಪ್ರಧಾನಿ ಮೊರಾರ್ಜಿ ದೇಸಾಯಿ ಅವರಿಗೆ ಜತ್ತಿಯವರೇ ಪ್ರಮಾಣ ವಚನ ಬೋಧಿಸಿದರು. ಮುಂಬಯಿಯಲ್ಲಿ ಅದೇ ದೇಸಾಯಿಯವರ ಸರ್ಕಾರದಲ್ಲಿ ಅವರು ಉಪಸಚಿವರಾಗಿದ್ದರು.

ನಿಜವಾದ ಪರೀಕ್ಷೆ ಏಪ್ರಿಲ್ ಕೊನೆಯಲ್ಲಿ ಎದುರಾಯಿತು. ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಜನತಾ ಸರ್ಕಾರ ಮುಂದಾಯಿತು. ರಾಜ್ಯಗಳ ತಕರಾರನ್ನು ಸುಪ್ರೀಂ ಕೋರ್ಟ್ ಏಪ್ರಿಲ್ 29ರಂದು ತಳ್ಳಿಹಾಕಿತು. ಆದರೂ ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ಹಳೆಯ ಪಕ್ಷದ ಮೇಲಿನ ನಿಷ್ಠೆಯೇ ಇದಕ್ಕೆ ಕಾರಣವೆಂಬ ಆರೋಪ ಕೇಳಿಬಂತು. ಜನತಾ ಬೆಂಬಲಿಗರು ಪ್ರತಿಭಟಿಸಿದರು.

ಸಂವಿಧಾನದ 42ನೇ ತಿದ್ದುಪಡಿಯು ಸಂಪುಟದ ಸಲಹೆಯನ್ನು ರಾಷ್ಟ್ರಪತಿ ಪಾಲಿಸಲೇಬೇಕೆಂದು ಆಗಷ್ಟೇ ಸ್ಪಷ್ಟಪಡಿಸಿತ್ತು. ಏಪ್ರಿಲ್ 30ರಂದು ಅವರು ಸಹಿ ಹಾಕಿದರು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರ ರಾಷ್ಟ್ರಪತಿಗೆ ದೊರೆತದ್ದು ನಂತರ, 1978ರ 44ನೇ ತಿದ್ದುಪಡಿಯಿಂದ. ಜತ್ತಿಯವರಿಗೆ ಆ ದಾರಿ ಇರಲಿಲ್ಲ. ಅನುಮಾನವನ್ನು ದಾಖಲಿಸಿದಂತೆ ಒಂದು ದಿನ ತಡೆದರು, ಬಳಿಕ ಸಂವಿಧಾನಕ್ಕೆ ತಲೆಬಾಗಿದರು.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಅಧಿಕಾರ ವಹಿಸಿಕೊಂಡ ಮೇಲೆ ಜತ್ತಿಯವರು ರಾಜ್ಯಸಭೆಯ ಪೀಠಕ್ಕೆ ಮರಳಿ, 1979ರ ಆಗಸ್ಟ್‌ನಲ್ಲಿ ಅವಧಿ ಪೂರೈಸಿದರು. 2002ರ ಜೂನ್ 7ರಂದು ನಿಧನರಾದರು. ರಾಷ್ಟ್ರಪತಿಗಳ ಪಟ್ಟಿಯಲ್ಲಿ ಹಂಗಾಮಿಯಾಗಿಯಷ್ಟೇ ಉಳಿದ ಈ ಹೆಸರಿನ ಹಿಂದೆ, ಅಧಿಕಾರವು ಒಂದು ಪಕ್ಷದಿಂದ ಇನ್ನೊಂದಕ್ಕೆ ಶಾಂತಿಯುತವಾಗಿ ದಾಟಿದ ಐದೂವರೆ ತಿಂಗಳ ಇತಿಹಾಸವಿದೆ.