ಹುಸೇನ್ ಇಬ್ನ್ ಅಲಿ

ಹುಸೇನ್ ಇಬ್ನ್ ಅಲಿ (ಕ್ರಿ.ಶ. 626 – ಅಕ್ಟೋಬರ್ 10, 680) ಇಸ್ಲಾಂ ಧರ್ಮದ ಪ್ರವಾದಿ ಮುಹಮ್ಮದರ ಮೊಮ್ಮಗ, ನಾಲ್ಕನೆಯ ಖಲೀಫ ಅಲಿ ಹಾಗೂ ಪ್ರವಾದಿಯವರ ಮಗಳು ಫಾತಿಮಾ ದಂಪತಿಗಳ ಎರಡನೆಯ ಮಗ. ಉಮಯ್ಯದ್ ವಂಶದ ಯಜೀದನಿಗೆ ನಿಷ್ಠೆಯ ಪ್ರಮಾಣ ಮಾಡಲು ನಿರಾಕರಿಸಿ, ಇಂದಿನ ಇರಾಕ್ ದೇಶದ ಕರ್ಬಲಾ ಬಯಲಿನಲ್ಲಿ ಬಂಧುಗಳು ಹಾಗೂ ಸಂಗಡಿಗರೊಂದಿಗೆ ಪ್ರಾಣ ತೆತ್ತರು. ಶಿಯಾ ಮುಸ್ಲಿಮರು ಇವರನ್ನು ಮೂರನೆಯ ಇಮಾಮರೆಂದು ನಂಬುತ್ತಾರೆ. ಸುನ್ನಿ ಮುಸ್ಲಿಮರೂ ಪ್ರವಾದಿಯವರ ಮನೆತನದವರೆಂದು ಇವರನ್ನು ಗೌರವಿಸುತ್ತಾರೆ. ಇಸ್ಲಾಮಿನಲ್ಲಿ ತ್ಯಾಗ ಎಂಬುದರ ಅರ್ಥವನ್ನು ವಿವರಿಸುವಾಗ ಪ್ರವಾದಿ ಇಬ್ರಾಹೀಮರ ನಂತರ ಹೆಚ್ಚಾಗಿ ಕೇಳಿಬರುವ ಹೆಸರು ಹುಸೇನರದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇವರು ಅಣ್ಣ ಹಸನರೊಂದಿಗೆ ಮೊಹರಂ ಹಬ್ಬದ ಆರಾಧ್ಯರಾಗಿದ್ದಾರೆ.

ಬಾಲ್ಯ

ಹುಸೇನರು ಹಿಜರಿ ಶಕದ 4ನೆಯ ವರ್ಷದಲ್ಲಿ ಮದೀನಾ ನಗರದಲ್ಲಿ ಜನಿಸಿದರು. ಮೊಮ್ಮಕ್ಕಳಿಬ್ಬರ ಮೇಲೆ ಪ್ರವಾದಿಯವರಿಗಿದ್ದ ಅಕ್ಕರೆಯನ್ನು ಹದೀಸ್ ಗ್ರಂಥಗಳು ಹಲವೆಡೆ ಹೇಳುತ್ತವೆ. ನಮಾಜಿನಲ್ಲಿ ಸಾಷ್ಟಾಂಗವೆರಗಿದ್ದಾಗ ಮಗು ಬೆನ್ನೇರಿ ಕುಳಿತದ್ದರಿಂದ, ಅದು ತಾನಾಗಿ ಇಳಿಯುವವರೆಗೂ ಪ್ರವಾದಿಯವರು ತಲೆಯೆತ್ತಲಿಲ್ಲವೆಂಬ ಪ್ರಸಂಗ ಅವುಗಳಲ್ಲಿ ಪ್ರಸಿದ್ಧವಾದುದು. ಸ್ವರ್ಗದ ಯುವಕರಿಗೆ ಇವರಿಬ್ಬರೂ ನಾಯಕರೆಂಬ ಮಾತನ್ನು ಸುನ್ನಿ ಹಾಗೂ ಶಿಯಾ ಪರಂಪರೆಗಳೆರಡೂ ಪ್ರವಾದಿಯವರದೆಂದು ದಾಖಲಿಸಿವೆ. ಕ್ರಿ.ಶ. 632ರಲ್ಲಿ ಪ್ರವಾದಿಯವರು ನಿಧನರಾದರು. ಕೆಲವೇ ತಿಂಗಳುಗಳಲ್ಲಿ ತಾಯಿ ಫಾತಿಮಾ ಕೂಡ ತೀರಿಕೊಂಡರು. ಆಗ ಹುಸೇನರಿಗೆ ಸುಮಾರು ಆರು ವರ್ಷ.

ಅಣ್ಣನ ಒಪ್ಪಂದ

ಕ್ರಿ.ಶ. 656ರಲ್ಲಿ ಅಲಿ ಖಲೀಫರಾದರು. ಸಿರಿಯಾದ ರಾಜ್ಯಪಾಲನಾಗಿದ್ದ ಮುಆವಿಯಾ ಅವರ ಅಧಿಕಾರವನ್ನು ಒಪ್ಪಲಿಲ್ಲ. ಮರುವರ್ಷ ಸಿಫ್ಫೀನ್ ಎಂಬಲ್ಲಿ ನಡೆದ ಯುದ್ಧ ತೀರ್ಮಾನ ಕಾಣದೆ ಮುಗಿಯಿತು. 661ರಲ್ಲಿ ಕೂಫಾ ನಗರದ ಮಸೀದಿಯಲ್ಲಿ ಅಲಿಯವರ ಮೇಲೆ ಹಲ್ಲೆಯಾಗಿ ಅವರು ಮೃತರಾದಾಗ, ಕೂಫಾದ ಜನ ಹಸನರನ್ನು ಖಲೀಫರೆಂದು ಒಪ್ಪಿಕೊಂಡರು. ಆದರೆ ಮುಸ್ಲಿಮರು ಮತ್ತೆ ಪರಸ್ಪರ ಕಾದಾಡುವುದನ್ನು ತಪ್ಪಿಸಲು ಹಸನರು ಕೆಲವು ಷರತ್ತುಗಳ ಮೇಲೆ ಮುಆವಿಯಾನಿಗೆ ಅಧಿಕಾರ ಬಿಟ್ಟುಕೊಟ್ಟು ಮದೀನಾಕ್ಕೆ ಮರಳಿದರು.

ಹುಸೇನರ ಜೀವನವನ್ನು ಅರಿಯಲು ಈ ಒಪ್ಪಂದ ಮುಖ್ಯ. ಹಸನರು 670ರ ಸುಮಾರಿಗೆ ತೀರಿಕೊಂಡ ಬಳಿಕ, ಬಂಡೇಳುವಂತೆ ಕೂಫಾದವರು ಹುಸೇನರನ್ನು ಒತ್ತಾಯಿಸಿದರೂ ಅವರು ಒಪ್ಪಲಿಲ್ಲ. ಅಣ್ಣ ಕೊಟ್ಟ ಮಾತು ಮುಆವಿಯಾ ಬದುಕಿರುವವರೆಗೂ ತಮ್ಮನ್ನು ಕಟ್ಟಿಹಾಕಿದೆ ಎಂಬುದು ಅವರ ನಿಲುವಾಗಿತ್ತು. ಹೀಗೆ ಸುಮಾರು ಹತ್ತು ವರ್ಷ ಅವರು ಮದೀನಾದಲ್ಲೇ ಉಳಿದರು. ಕರ್ಬಲಾದ ಹತ್ತು ದಿನಗಳ ಎದುರು ಈ ಹತ್ತು ವರ್ಷಗಳು ಸಾಮಾನ್ಯವಾಗಿ ಮರೆತುಹೋಗುತ್ತವೆ. ರಕ್ತಪಾತ ಬೇಡವೆಂದು ಅಧಿಕಾರ ತೊರೆದ ಅಣ್ಣನನ್ನೂ ಪ್ರಮಾಣ ಮಾಡಲಾರೆನೆಂದು ಪ್ರಾಣ ತೊರೆದ ತಮ್ಮನನ್ನೂ ಒಂದೇ ಉಸಿರಿನಲ್ಲಿ ನೆನೆಯುವ ಜನಪದರ ರೂಢಿ ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ.

ಪ್ರಮಾಣದ ನಿರಾಕರಣೆ

ಮುಆವಿಯಾ ತನ್ನ ಮಗ ಯಜೀದನನ್ನು ಉತ್ತರಾಧಿಕಾರಿಯೆಂದು ಮೊದಲೇ ಘೋಷಿಸಿದ್ದನು. ಖಲೀಫರ ಪದವಿ ತಂದೆಯಿಂದ ಮಗನಿಗೆ ಅರಸೊತ್ತಿಗೆಯಂತೆ ಇಳಿಯತೊಡಗಿದ್ದು ಇಲ್ಲಿಂದ. 680ರ ಏಪ್ರಿಲ್‌ನಲ್ಲಿ ಮುಆವಿಯಾ ಸತ್ತಾಗ, ಹುಸೇನರಿಂದ ಕೂಡಲೇ ಬೈಅತ್ (ನಿಷ್ಠೆಯ ಪ್ರಮಾಣ) ಪಡೆಯಬೇಕೆಂದು ಮದೀನಾದ ರಾಜ್ಯಪಾಲ ವಲೀದನಿಗೆ ಯಜೀದನ ಆಜ್ಞೆ ಬಂದಿತು. ಅರಬರಲ್ಲಿ ಬೈಅತ್ ಬರಿಯ ವಿಧಿಯಾಗಿರಲಿಲ್ಲ. ಕೈಗೆ ಕೈ ಕೊಟ್ಟವನು ಆಳುವವನ ನಡತೆಗೆ ತನ್ನ ಸಮ್ಮತಿಯನ್ನೂ ಕೊಟ್ಟಂತಾಗುತ್ತಿತ್ತು. ಪ್ರವಾದಿಯವರ ಮೊಮ್ಮಗನೇ ಕೈ ನೀಡಿದರೆ ಹೊಸ ಆಳ್ವಿಕೆಗೆ ಧರ್ಮದ ಮುದ್ರೆ ಬಿದ್ದಂತೆ. ಯಜೀದನಿಗೆ ಬೇಕಾಗಿದ್ದುದು ಅದು. ಹುಸೇನರು ಕೊಡಲು ಒಪ್ಪದಿದ್ದುದೂ ಅದು. ಅವರು ರಾತ್ರೋರಾತ್ರಿ ಕುಟುಂಬದೊಂದಿಗೆ ಮಕ್ಕಾಕ್ಕೆ ಹೊರಟರು.

ಮಕ್ಕಾದಲ್ಲಿದ್ದ ಅವರಿಗೆ ಕೂಫಾದಿಂದ ಆಹ್ವಾನದ ಪತ್ರಗಳು ಒಂದರ ಮೇಲೊಂದು ಬಂದವು. ಪರಿಸ್ಥಿತಿ ತಿಳಿಯಲು ಅವರು ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ಪೈಕಿ ಮುಸ್ಲಿಂ ಇಬ್ನ್ ಅಕೀಲರನ್ನು ಅಲ್ಲಿಗೆ ಕಳುಹಿಸಿದರು. ಸಾವಿರಾರು ಜನ ಮುಸ್ಲಿಮರ ಕೈ ಹಿಡಿದು ಬೆಂಬಲ ಸೂಚಿಸಿದರು. ಆದರೆ ಯಜೀದನು ನೇಮಿಸಿದ ಹೊಸ ರಾಜ್ಯಪಾಲ ಉಬೈದುಲ್ಲಾ ಇಬ್ನ್ ಜಿಯಾದನು ಕುಲಮುಖ್ಯರನ್ನು ಬೆದರಿಸಿ, ಆಮಿಷವೊಡ್ಡಿ ಆ ಬೆಂಬಲವನ್ನು ಕೆಲವೇ ದಿನಗಳಲ್ಲಿ ಕರಗಿಸಿದನು. ಒಬ್ಬಂಟಿಯಾದ ಮುಸ್ಲಿಂ ಇಬ್ನ್ ಅಕೀಲರನ್ನು ಹಿಡಿದು ಕೊಲ್ಲಲಾಯಿತು. ಈ ಸುದ್ದಿ ತಲುಪುವ ಮೊದಲೇ ಹುಸೇನರು ಮಕ್ಕಾದಿಂದ ಹೊರಟಾಗಿತ್ತು.

ಹಜ್ ಮಾಸದ ಪ್ರಯಾಣ

ಪರಂಪರೆಯ ಪ್ರಕಾರ ಅವರು ಹೊರಟ ದಿನ ಜುಲ್‌ಹಿಜ್ಜಾ ತಿಂಗಳ 8. ಯಾತ್ರಿಕರೆಲ್ಲ ಹಜ್ ವಿಧಿಗಳಿಗಾಗಿ ಮಿನಾದತ್ತ ಸಾಗುವ ದಿನವದು. ಎರಡು ದಿನ ಕಳೆದರೆ ಬಕ್ರೀದ್. ತಮ್ಮನ್ನು ಕೊಲ್ಲುವ ಸಂಚು ನಡೆದಿದ್ದು, ಪವಿತ್ರ ನಗರದಲ್ಲಿ ರಕ್ತ ಬೀಳಬಾರದೆಂಬ ಕಾರಣಕ್ಕೆ ಅವರು ಹಜ್ ಪೂರೈಸದೆ ಹೊರಟರೆಂದು ವೃತ್ತಾಂತಗಳು ತಿಳಿಸುತ್ತವೆ.

ಬಕ್ರೀದ್ ಇಬ್ರಾಹೀಮರ ತ್ಯಾಗದ ಸ್ಮರಣೆ. ದೇವರ ಆಜ್ಞೆಯೆಂದು ಕನಸಿನಲ್ಲಿ ಕಂಡದ್ದನ್ನು ಅವರು ಮಗನಿಗೆ ತಿಳಿಸಿ ಅವನ ಅಭಿಪ್ರಾಯ ಕೇಳಿದರೆಂದೂ, ಮಗ ಮನಃಪೂರ್ವಕವಾಗಿ ಒಪ್ಪಿದನೆಂದೂ ಕುರ್‌ಆನಿನ 37ನೆಯ ಅಧ್ಯಾಯ ಹೇಳುತ್ತದೆ. ಅಲ್ಲಿ ಮಗನ ಹೆಸರಿಲ್ಲ. ಅವನು ಇಸ್ಮಾಯೀಲನೆಂಬುದು ಮುಸ್ಲಿಮರಲ್ಲಿ ಪ್ರಚಲಿತವಾದ ನಂಬಿಕೆ. ಕೊನೆಗೆ ಮಗನ ಬದಲು ಬೇರೊಂದು ಬಲಿ ಸಲ್ಲುತ್ತದೆ. ಬಲಿಯ ಮಾಂಸವಾಗಲಿ ರಕ್ತವಾಗಲಿ ದೇವರನ್ನು ಮುಟ್ಟುವುದಿಲ್ಲ, ಮುಟ್ಟುವುದು ಕೊಡುವವನ ಭಯಭಕ್ತಿಯೇ ಎಂಬುದು 22ನೆಯ ಅಧ್ಯಾಯದ ಬೋಧನೆ. ಬಲಿಗೆ ಬಳಸುವ ಕುರ್ಬಾನಿ ಎಂಬ ಪದ ಹತ್ತಿರವಾಗುವುದು ಎಂಬರ್ಥದ ಅರಬ್ಬಿ ಧಾತುವಿನಿಂದ ಬಂದಿದೆ. ಕಳೆದುಕೊಂಡದ್ದರ ಅಳತೆಯನ್ನು ಆ ಪದ ಹೇಳುವುದಿಲ್ಲ. ದೇವರಿಗೂ ಮನುಷ್ಯನಿಗೂ ನಡುವೆ ನಿಂತ ಮಮತೆಯನ್ನು ಸ್ವಇಚ್ಛೆಯಿಂದ ಬಿಡುವುದು ಅದರ ತಿರುಳು. ಇಬ್ರಾಹೀಮರ ಬಲಿಗೆ ಬದಲಾಗಿ ಬಂದ ಮಹಾಬಲಿಯು ಹುಸೇನರನ್ನೇ ಸೂಚಿಸುತ್ತದೆ ಎಂಬ ವ್ಯಾಖ್ಯಾನ ಶಿಯಾ ಪರಂಪರೆಯಲ್ಲಿ ಇದೆ. ಸುನ್ನಿ ವಿದ್ವಾಂಸರು ಅದನ್ನು ಟಗರೆಂದೇ ಅರ್ಥೈಸುತ್ತಾರೆ.

ದಾರಿಯಲ್ಲಿ ಮುಸ್ಲಿಂ ಇಬ್ನ್ ಅಕೀಲರ ಸಾವಿನ ಸುದ್ದಿ ತಲುಪಿತು. ಗೆಲುವಿನ ನಿರೀಕ್ಷೆಯಿಂದ ಜೊತೆ ಸೇರಿದ್ದವರಿಗೆ ಹುಸೇನರು ನಿಜಸ್ಥಿತಿಯನ್ನು ಮುಚ್ಚಿಡದೆ ತಿಳಿಸಿ, ಹೋಗಬಯಸುವವರು ಹೋಗಬಹುದೆಂದರು. ಬಹುಮಂದಿ ಹೋದರು. ಮುಂದೆ ಹುರ್ ಎಂಬ ಸೇನಾನಿ ಸುಮಾರು 1000 ಸವಾರರೊಂದಿಗೆ ಅವರನ್ನು ತಡೆಯಲು ಬಂದನು. ಬಿಸಿಲಿನಲ್ಲಿ ಬಾಯಾರಿ ಬಂದಿದ್ದ ಆ ಸವಾರರಿಗೂ ಅವರ ಕುದುರೆಗಳಿಗೂ ಹುಸೇನರು ತಮ್ಮ ಸಂಗ್ರಹದ ನೀರನ್ನು ಕೊಡಿಸಿದರು.

ಕರ್ಬಲಾ

ಹಿಜರಿ 61ರ ಮೊಹರಂ 2ರಂದು ಈ ಚಿಕ್ಕ ತಂಡ ಯೂಫ್ರೆಟಿಸ್ ನದಿಯ ಸಮೀಪದ ಕರ್ಬಲಾದಲ್ಲಿ ಬೀಡುಬಿಟ್ಟಿತು. ಮರುದಿನ ಉಮರ್ ಇಬ್ನ್ ಸಾದನ ನಾಯಕತ್ವದಲ್ಲಿ 4000 ಮಂದಿಯ ಸೈನ್ಯ ಬಂದಿತು. ಹಿಂದಿರುಗಿ ಹೋಗಲು ಬಿಡಿರೆಂದು ಹುಸೇನರು ಕೇಳಿಕೊಂಡರೂ, ಪ್ರಮಾಣ ಮಾಡದ ಹೊರತು ಬಿಡುಗಡೆಯಿಲ್ಲವೆಂಬ ಆಜ್ಞೆ ಕೂಫಾದಿಂದ ಬಂದಿತು. 7ರಿಂದ ನದಿಯ ನೀರಿಗೆ ತಡೆ ಬಿತ್ತು. ಶತ್ರುವಿನ ಕುದುರೆಗಳಿಗೂ ನೀರುಣಿಸಿದವರ ಬಿಡಾರದಲ್ಲಿ ಮಕ್ಕಳು ಬಾಯಾರಿ ಅಳುವಂತಾಯಿತು.

9ರ ಸಂಜೆ ಯುದ್ಧ ಖಚಿತವಾದಾಗ ಹುಸೇನರು ಪ್ರಾರ್ಥನೆಗೆಂದು ಒಂದು ರಾತ್ರಿಯ ಬಿಡುವು ಪಡೆದರು. ಆ ರಾತ್ರಿ ಸಂಗಡಿಗರನ್ನು ಸೇರಿಸಿ, ಶತ್ರುಗಳಿಗೆ ಬೇಕಾಗಿರುವುದು ತಾವೊಬ್ಬರೇ ಎಂದೂ, ಕೊಟ್ಟ ಮಾತಿನಿಂದ ಎಲ್ಲರನ್ನೂ ಬಿಡುಗಡೆ ಮಾಡಿರುವುದಾಗಿಯೂ, ಕತ್ತಲನ್ನು ಮರೆಮಾಡಿಕೊಂಡು ಹೊರಟುಹೋಗಬಹುದೆಂದೂ ತಿಳಿಸಿದರು. ಹೋಗುವವರಿಗೆ ಮುಜುಗರವಾಗದಿರಲೆಂದು ದೀಪವನ್ನೂ ಆರಿಸಿದರೆಂದು ಜನಜನಿತ ಕಥನಗಳು ಸೇರಿಸುತ್ತವೆ. ಈ ಸಲ ಉಳಿದವರು ಕದಲಲಿಲ್ಲ. ಕರ್ಬಲಾದ ತ್ಯಾಗ ಇತರ ಯುದ್ಧಮರಣಗಳಿಂದ ಬೇರೆಯಾಗುವುದು ಈ ರಾತ್ರಿಯಿಂದಲೇ. ನಾಯಕನ ಆಜ್ಞೆಗೆ ಕಟ್ಟುಬಿದ್ದು ಸತ್ತವರು ಅವರಲ್ಲಿ ಯಾರೂ ಇರಲಿಲ್ಲ. ಇಬ್ರಾಹೀಮರು ಮಗನ ಸಮ್ಮತಿ ಕೇಳಿದಂತೆ ಇಲ್ಲಿಯೂ ಪ್ರತಿಯೊಬ್ಬರ ಸಮ್ಮತಿ ಕೇಳಲಾಗಿತ್ತು.

ಮೊಹರಂ 10ರ (ಅಶೂರಾ) ಬೆಳಗ್ಗೆ ಅವರ ಪಕ್ಷದಲ್ಲಿದ್ದವರು 32 ಕುದುರೆ ಸವಾರರು, 40 ಕಾಲಾಳುಗಳು. ಯುದ್ಧ ಆರಂಭವಾಗುವ ಮುನ್ನ ಹುರ್ ತನ್ನ ಸೈನ್ಯ ಬಿಟ್ಟು ಬಂದು ಕ್ಷಮೆ ಕೇಳಿ ಹುಸೇನರ ಪರವಾಗಿ ಹೋರಾಡಿ ಮಡಿದನು. ಸಂಗಡಿಗರೆಲ್ಲ ಬಿದ್ದ ಮೇಲೆ ಮನೆಯವರ ಸರದಿ ಬಂದಿತು: ಮಗ ಅಲಿ ಅಕ್ಬರ್, ಹಸನರ ಮಗ ಖಾಸಿಂ, ಮಕ್ಕಳಿಗೆ ನೀರು ತರಲು ನದಿಗೆ ಹೋದ ಧ್ವಜಧಾರಿ ತಮ್ಮ ಅಬ್ಬಾಸ್. ಕೈಗೂಸು ಅಲಿ ಅಸ್ಗರ್ ತಂದೆಯ ತೋಳಿನಲ್ಲೇ ಬಾಣಕ್ಕೆ ಬಲಿಯಾಯಿತು. ಅಪರಾಹ್ನ ಹುಸೇನರೂ ಹತರಾದರು. ಶವಗಳನ್ನು ಹತ್ತಿರದ ಹಳ್ಳಿಯ ಬನೂ ಅಸದ್ ಕುಲದವರು ಹೂಳಿದರು.

ಬದುಕುಳಿದ ಹೆಂಗಸರು ಮಕ್ಕಳನ್ನು ಸೆರೆಯಾಳುಗಳಾಗಿ ಕೂಫಾಕ್ಕೂ ಅಲ್ಲಿಂದ ದಮಾಸ್ಕಸ್‌ಗೂ ಒಯ್ದರು. ಹುಸೇನರ ಸೋದರಿ ಜೈನಬ್ ಯಜೀದನ ಆಸ್ಥಾನದಲ್ಲಿ ಎದೆಗುಂದದೆ ಅವನ ಕೃತ್ಯವನ್ನು ಖಂಡಿಸಿದರು. ಕರ್ಬಲಾದ ಕಥೆ ಲೋಕಕ್ಕೆ ತಿಳಿದುದು ಮುಖ್ಯವಾಗಿ ಈ ಸೆರೆಯಾಳುಗಳಿಂದ. ಅರಬ್ಬಿಯಲ್ಲಿ ಹುತಾತ್ಮನಿಗಿರುವ ಶಹೀದ್ ಎಂಬ ಪದಕ್ಕೆ ಸಾಕ್ಷಿ ಎಂಬರ್ಥವೂ ಉಂಟು. ಆ ಅರ್ಥದಲ್ಲಿ ಜೈನಬರ ಪಾಲು ಸಣ್ಣದಲ್ಲ. ಕಾಯಿಲೆಯಿಂದ ಮಲಗಿದ್ದ ಕಾರಣ ಉಳಿದ ಮಗ ಅಲಿ (ಜೈನುಲ್ ಆಬಿದೀನ್) ಅವರಿಂದ ವಂಶ ಮುಂದುವರಿಯಿತು.

ಹುಸೇನರದು ಅಧಿಕಾರಕ್ಕಾಗಿ ಮಾಡಿ ವಿಫಲವಾದ ಯತ್ನವೋ, ಸಾವನ್ನು ಅರಿತೇ ಕೈಗೊಂಡ ಪ್ರತಿಭಟನೆಯೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕೂಫಾದ ಬೆಂಬಲವನ್ನು ನಂಬಿ ಹೊರಟರೆಂಬುದು ನಿಜ. ಆ ಬೆಂಬಲ ಇಲ್ಲವಾದ ಮೇಲೂ ಪ್ರಮಾಣ ಮಾಡಿ ಉಳಿಯುವ ದಾರಿ ತೆರೆದಿತ್ತೆಂಬುದೂ ಅಷ್ಟೇ ನಿಜ. ಉಮಯ್ಯದರ ವಿರುದ್ಧ ಕೂಫಾದಲ್ಲಿ ಮುಂದೆ ಎದ್ದ ಬಂಡಾಯಗಳಿಗೆ ಕರ್ಬಲಾದ ಸಂಕಟವೇ ಪ್ರೇರಣೆಯಾಯಿತು. 750ರಲ್ಲಿ ಆ ವಂಶದ ಖಿಲಾಫತ್ ಪತನಗೊಂಡಿತು.

ಕರ್ನಾಟಕದಲ್ಲಿ ಸ್ಮರಣೆ

ವಿಜಯಪುರದ ಆದಿಲ್‌ಶಾಹಿ ರಾಜ್ಯದ ಸ್ಥಾಪಕ ಯೂಸುಫ್ ಆದಿಲ್ ಶಾಹನು 16ನೆಯ ಶತಮಾನದ ಆರಂಭದಲ್ಲಿ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದನು. ಮುಂದಿನ ಅರಸರ ಕಾಲದಲ್ಲಿ ಈ ನೀತಿ ಬದಲಾಗುತ್ತ ಹೋಯಿತಾದರೂ ಮೊಹರಂ ಆಚರಣೆ ಜನರಲ್ಲಿ ಬೇರೂರಿತು. ಕೃಷ್ಣಾ ತೀರದ ಉಗಾರ ಬುದ್ರುಕ, ಕಾಗವಾಡ, ಅಥಣಿ, ರಾಯಬಾಗಗಳನ್ನೊಳಗೊಂಡ ಸೀಮೆಯೂ ಆದಿಲ್‌ಶಾಹಿ ಆಳ್ವಿಕೆಗೆ ಒಳಪಟ್ಟಿತ್ತು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ರಾಜ್ಯದಲ್ಲೇ ಹೆಸರುವಾಸಿ. ಚಿಕ್ಕಬಳ್ಳಾಪುರ ಜಿಲ್ಲೆಯ ಅಲೀಪುರ ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ಊರಾಗಿದ್ದು, ಅಲ್ಲಿ ಅಶೂರಾ ಶೋಕದ ದಿನ. ಸುನ್ನಿಗಳಲ್ಲಿ ಅನೇಕರು ಆ ದಿನ ಉಪವಾಸವಿರುತ್ತಾರೆ. ಪಂಜಾಗಳ ಆರಾಧನೆಯನ್ನು ಒಪ್ಪದ ವಿದ್ವಾಂಸರೂ ಅವರಲ್ಲಿದ್ದಾರೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದು ಎಲ್ಲ ಜಾತಿಗಳವರ ಅಲಾಯಿ ಹಬ್ಬ. ಮುಸ್ಲಿಂ ಕುಟುಂಬಗಳಿಲ್ಲದ ಊರುಗಳಲ್ಲಿಯೂ ಹಬ್ಬ ನಡೆಯುತ್ತದೆ. ಮಸೀದಿಯ ಮುಂದೆ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನ್ ಈ ಐವರನ್ನು ಸೂಚಿಸುವ ಹಸ್ತದಾಕಾರದ ಪಂಜಾಗಳನ್ನು ಕೂರಿಸುತ್ತಾರೆ. ಹರಕೆ ಹೊತ್ತವರು ಕೆಂಪು ಲಾಡಿ ಧರಿಸಿ ಫಕೀರರಾಗುತ್ತಾರೆ. ಚೊಂಗೆ, ಸಕ್ಕರೆ ಓದಿಸುತ್ತಾರೆ. ಕರ್ಬಲಾದ ಬಾಯಾರಿಕೆಯ ನೆನಪಿಗೆ ದಾರಿಹೋಕರಿಗೆ ಶರಬತ್ತು ಹಂಚುತ್ತಾರೆ. ಹೆಜ್ಜೆಮೇಳದವರು ಹಾಡುವ ರಿವಾಯತ್ ಪದಗಳಲ್ಲಿ ಖಾಸಿಂನ ಮದುವೆ, ತಾಯಂದಿರ ಗೋಳು, ನೀರಿಗೆ ಹೋದ ಅಬ್ಬಾಸನ ಪಾಡು ಕನ್ನಡದ್ದೇ ಮನೆಯೊಂದರ ದುಃಖವಾಗಿ ಕೇಳಿಸುತ್ತವೆ. ಒಂಬತ್ತನೆಯ ದಿನದ ರಾತ್ರಿಗೆ ಕೊಲೆ ಎಂಬರ್ಥದ ಕತ್ಲ್ ಎಂಬ ಅರಬ್ಬಿ ಪದದಿಂದ ಹೆಸರು ಬಂದಿದೆ. ಕನ್ನಡಿಗರ ಬಾಯಲ್ಲಿ ಅದು ಕತ್ತಲ ರಾತ್ರಿಯಾಗಿದೆ.

ಹತ್ತನೆಯ ದಿನ ಪಂಜಾಗಳು ಭೇಟಿಯಾಗಿ, ಸಂಜೆಯ ಹೊತ್ತಿಗೆ ದೇವರು ಹೊಳೆಗೆ ಹೋಗುತ್ತದೆ. ಹೊಳೆಯಿಲ್ಲದ ಊರಿನಲ್ಲಿ ಕೆರೆಗೋ ಬಾವಿಗೋ ಒಯ್ಯುತ್ತಾರೆ. ಅಲ್ಲಿ ಪಂಜಾಗಳ ಅಲಂಕಾರ ಕಳಚಿ, ತೊಳೆದು, ಬಟ್ಟೆಯಲ್ಲಿ ಸುತ್ತಿ ತಂದು ಮುಂದಿನ ವರ್ಷದವರೆಗೆ ಪೆಟ್ಟಿಗೆಯಲ್ಲಿ ಇಡುತ್ತಾರೆ.